ಬಿಡಿಭಾಗ ಹದಿನೇಳು

ಆ ಕಾರ್ಖಾನೆಗೆ ಎರಡು ಗೇಟು. ಒಂದು ಮನುಷ್ಯರಿಗೆ, ಇನ್ನೊಂದು ಸಾಮಾನಿಗೆ. ಅವಳು ಮೂರು ವರ್ಷದಿಂದ ಸಾಮಾನಿನ ಗೇಟಿನಲ್ಲೇ ಒಳಗೆ ಬರುತ್ತಿದ್ದಳು, ಸಾಮಾನಿನ ಗೇಟಿನಲ್ಲೇ ಹೊರಗೆ ಹೋಗುತ್ತಿದ್ದಳು.

ಸಂಜೆ ಐದೂವರೆಗೆ ಕಾವಲುಗಾರ ಅವಳ ಹಳದಿ ಚೀಟಿ ಈಸಿಕೊಂಡು ಗಟ್ಟಿಯಾಗಿ ಓದುತ್ತಿದ್ದ.

"ಬಿಡಿಭಾಗ ಹದಿನೇಳು. ಸಂಖ್ಯೆ ಒಂದು. ಸುಸ್ಥಿತಿಯಲ್ಲಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇದೇ ಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು. ಹೊರಗಿನವರಿಂದ ರಿಪೇರಿ ಮಾಡಿಸತಕ್ಕದ್ದಲ್ಲ."

ಓದಿ, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸೀಲು ಒತ್ತುತ್ತಿದ್ದ. ಕೆಟ್ಟವನಲ್ಲ. "ಮಗಳಿಗೆ ಜ್ವರ ಇಳೀತಾ ಅಕ್ಕ" ಅಂತ ಕೇಳುತ್ತಿದ್ದ. ಆದರೆ ಸೀಲು ಒತ್ತಿದ ಮೇಲೆ ಕೇಳುತ್ತಿದ್ದ.

ಅದು ಉಪಗ್ರಹಗಳಿಗೆ ಹೊದಿಕೆ ಮಾಡುವ ಸರ್ಕಾರಿ ಕಾರ್ಖಾನೆ. ಆಕಾಶದಲ್ಲಿ ಬಿಸಿಲಿಗೆ ಬಿದ್ದ ಮಗ್ಗುಲು ಸುಡುತ್ತದಂತೆ, ನೆರಳಿನ ಮಗ್ಗುಲು ಹೆಪ್ಪುಗಟ್ಟುತ್ತದಂತೆ. ಹಾಗಾಗಿ ಅದಕ್ಕೂ ಹೊದಿಕೆ ಬೇಕು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬಂಗಾರದ ಬಣ್ಣದ ಹಾಳೆ, ನಡುವೆ ಸೊಳ್ಳೆಪರದೆಯಂಥ ಜಾಲರಿ, ಹೀಗೆ ಇಪ್ಪತ್ತು ಪದರ. ಇಪ್ಪತ್ತನ್ನೂ ಸೇರಿಸಿ ಕೈಯಲ್ಲಿ ಹೊಲಿಯಬೇಕು. ಬೆರಳಗಲಕ್ಕೆ ಆರು ಹೊಲಿಗೆ. ಐದಾದರೆ ಬಾಯಿ ಬಿಡುತ್ತದೆ, ಏಳಾದರೆ ಹರಿಯುತ್ತದೆ.

ಹಿಂದೆ ಹನ್ನೊಂದು ಹೆಂಗಸರು ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದರು. ಆಮೇಲೆ ಸರ್ಕಾರ ಹೊಸ ಬಾಹ್ಯಾಕಾಶ ನೀತಿ ತಂದಿತು. ನೀತಿಯ ಮೊದಲ ಪುಟದಲ್ಲೇ ಬರೆದಿತ್ತು: ಇನ್ನು ಮುಂದೆ ಎಲ್ಲ ತಯಾರಿಕೆ ಮನುಷ್ಯರ ಕೈ ಸೋಕದೆ ನಡೆಯತಕ್ಕದ್ದು. ಯಂತ್ರಕ್ಕೆ ಹಣ ಬಂತು. ಕೈಗೆ ಹಣ ನಿಂತಿತು. ಹನ್ನೊಂದು ಹೆಂಗಸರನ್ನೂ ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು.

ಯಂತ್ರ ಬಂತು. ಬೀರುವಿನಷ್ಟು ಎತ್ತರ, ಮೈತುಂಬ ದೀಪ. ಮೊದಲ ದಿನವೇ ಬಂಗಾರದ ಹಾಳೆಯನ್ನು ಎಮ್ಮೆ ಹುಲ್ಲು ಅಗಿದ ಹಾಗೆ ಅಗಿದು ಉಗಿಯಿತು. ಎರಡನೆಯ ದಿನವೂ ಉಗಿಯಿತು. ಅಷ್ಟರಲ್ಲಿ ನಿರ್ದೇಶಕರಿಗೆ ಆ ಯಂತ್ರಕ್ಕಾಗಿ ಪ್ರಶಸ್ತಿ ಬಂದಾಗಿತ್ತು. ಯಂತ್ರ ವಾಪಸು ಕೊಟ್ಟರೆ ಹಣ ವಾಪಸು ಕೊಡಬೇಕು. ಹಣ ವಾಪಸು ಕೊಟ್ಟರೆ ಪ್ರಶಸ್ತಿ ವಾಪಸು ಕೊಡಬೇಕು. ಮೂರನೆಯ ದಿನ ನಿರ್ದೇಶಕರು ವೆಲ್ಡಿಂಗಿನವನನ್ನು ಕರೆಸಿ ಯಂತ್ರದ ಬೆನ್ನಿಗೆ ಒಂದು ಬಾಗಿಲು ಕೊರೆಸಿದರು. ಒಳಗಿನ ಕರುಳನ್ನೆಲ್ಲ ಕಿತ್ತು ಹಾಕಿಸಿ ಒಂದು ಸ್ಟೂಲು ಇಡಿಸಿದರು. ಹನ್ನೊಂದು ಹೆಂಗಸರಲ್ಲಿ ಎಲ್ಲರಿಗಿಂತ ಕುಳ್ಳಿ ಯಾರು ಅಂತ ವಿಚಾರಿಸಿದರು.

ಅವಳು ಕುಳ್ಳಿ.

"ಒಂದು ತಿಂಗಳ ಮಟ್ಟಿಗೆ ಅಷ್ಟೇ ಕಣಮ್ಮ," ಅಂದಿದ್ದರು. ಮೂರು ವರ್ಷವಾಯಿತು.

ಕೂಲಿಗೆ ಹಣವೇ ಇಲ್ಲವಲ್ಲ. ಬಿಡಿಭಾಗಕ್ಕೆ ಇತ್ತು. ಸ್ಟೋರ್ಸಿನ ಗುಮಾಸ್ತ ಯಂತ್ರದ ಪಟ್ಟಿ ತೆಗೆದ. ಹದಿನಾರು ಬಿಡಿಭಾಗ ಇದ್ದವು. ಹದಿನೇಳನೆಯ ಸಾಲು ಖಾಲಿ ಇತ್ತು. ದುಂಡಗಿನ ಅಕ್ಷರದಲ್ಲಿ ಬರೆದ: ಹೊಲಿಗೆ ಘಟಕ, ಕೈ ಎರಡು, ಬೆರಳು ಹತ್ತು.

ಒಳಗೆ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಬಾಗಿಲ ಚಿಲಕ ಹೊರಗಡೆ. ಧೂಳು ಹೋಗಬಾರದು ಅಂತ. ತಲೆಯ ಮೇಲೆ ಸುಮ್ಮಸುಮ್ಮನೆ ಒಂದು ಫ್ಯಾನು ತಿರುಗುತ್ತಿತ್ತು, ಗಾಳಿಗಲ್ಲ, ಸದ್ದಿಗೆ. ಕೆಮ್ಮುವಂತಿಲ್ಲ. ಸೀನುವಂತಿಲ್ಲ. ಯಂತ್ರ ಸೀನಿತು ಅಂತ ಯಾರಾದರೂ ಬರೆದುಬಿಟ್ಟರೆ? ದಿನಕ್ಕೆ ಎರಡು ಸಲ ಚಿಲಕ ತೆಗೆಯುತ್ತಿದ್ದರು, ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ. ಅವಳು ನೀರು ಕುಡಿಯುವುದನ್ನು ಬಿಟ್ಟಳು. ಉರಿಮೂತ್ರ ಶುರುವಾಯಿತು. ತಿಂಗಳ ಮೂರು ದಿನ ಕೂತಲ್ಲೇ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುತ್ತಿತ್ತು. ಎದುರಿನ ಸಣ್ಣ ಕಂಡಿಯಿಂದ ಹೊಲಿದ ಹೊದಿಕೆಯನ್ನು ತಳ್ಳುತ್ತಿದ್ದಳು. ಆಚೆ ಬಿಳಿ ಗವಸಿನ ಕೈಗಳು ಅದನ್ನು ಎತ್ತಿಕೊಳ್ಳುತ್ತಿದ್ದವು. "ನೋಡಿ, ಒಂದು ಹೊಲಿಗೆ ಆಚೀಚೆ ಇಲ್ಲ. ಕೈಯಲ್ಲಾಗೋ ಕೆಲಸನಾ ಇದು?" ಅನ್ನುವುದು ಕೇಳುತ್ತಿತ್ತು.

ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತಾರೆ. ಇಲ್ಲಿ ಒಳಗೆ ಅವಳಿದ್ದಳು.

ಸೋಮವಾರ ಬೆಳಿಗ್ಗೆ ಸೂಜಿ ಮುರಿಯಿತು. ಬಲಗೈ ತೋರುಬೆರಳಿನ ಉಗುರಿನ ಪಕ್ಕದಲ್ಲಿ ಹೊಕ್ಕು, ಒಳಗೇ ಲಟಕ್ ಅಂತು. ಅವಳು ತುಟಿ ಕಚ್ಚಿ ಹಿಡಿದಳು. ಯಂತ್ರ ಅಯ್ಯೋ ಅನ್ನುವಂತಿಲ್ಲ.

ಸೂಜಿ ಮುರಿದರೆ ಅಷ್ಟೂ ಚೂರು ಸ್ಟೋರ್ಸಿಗೆ ಒಪ್ಪಿಸಬೇಕು ಅನ್ನುವುದು ಅಲ್ಲಿನ ಕಟ್ಟುಪಾಡು. ಒಂದು ಎಳ್ಳುಕಾಳಿನಷ್ಟು ಲೋಹ ಹೊದಿಕೆಯಲ್ಲಿ ಉಳಿದರೆ ಮೇಲೆ ಹೋದ ಉಪಗ್ರಹ ಸುಟ್ಟುಹೋಗಬಹುದು. ಮುಕ್ಕಾಲು ಸೂಜಿ ಒಪ್ಪಿಸಿದಳು. ತುದಿ ಇಲ್ಲ. ಇಡೀ ಕಾರ್ಖಾನೆಗೆ ದೆವ್ವ ಹೊಕ್ಕಂತಾಯಿತು. ಹೊದಿಕೆಗೆ ಮೂರು ಸಲ ಎಕ್ಸ್‌ರೇ ತೆಗೆದರು. ನೆಲದ ಮೇಲೆ ಆಯಸ್ಕಾಂತ ಉರುಳಿಸಿದರು. ಪೊರಕೆಯನ್ನು ಬಿಚ್ಚಿ ಕಡ್ಡಿ ಕಡ್ಡಿ ನೋಡಿದರು.

"ಇಲ್ಲಿದೆ," ಅಂತ ಅವಳು ಬೆರಳು ಎತ್ತಿ ತೋರಿಸಿದಳು.

ಹುಡುಕುವವರು ಕೈಯಲ್ಲಿದ್ದ ಪಟ್ಟಿ ನೋಡಿದರು. ಹುಡುಕಬೇಕಾದ ಜಾಗಗಳಲ್ಲಿ ಬೆರಳು ಇರಲಿಲ್ಲ. ಮತ್ತೆ ನೆಲ ಹುಡುಕಿದರು.

ಹೊದಿಕೆಗೆ ಮೂರು ಎಕ್ಸ್‌ರೇ ಆಯಿತು. ಬೆರಳಿಗೆ ಒಂದೂ ಆಗಲಿಲ್ಲ.

ಮಂಗಳವಾರ ಬೆರಳು ಬಾತುಕೊಂಡಿತು. ಕಾರ್ಖಾನೆಯ ದವಾಖಾನೆಗೆ ಹೋದಳು. ಕಾಂಪೌಂಡರ್ ಕಾರ್ಡು ಕೇಳಿದ. ಅವಳ ಹತ್ತಿರ ಇದ್ದದ್ದು ಹಳದಿ ಚೀಟಿ. ಅವನು ಅದನ್ನು ತಿರುಗಿಸಿ ತಿರುಗಿಸಿ ಓದಿದ.

"ಇದು ಸಾಮಾನಿನ ಚೀಟಿ ಅಕ್ಕ. ಸಾಮಾನು ಕೆಟ್ರೆ ವರ್ಕ್‌ಶಾಪಿಗೆ ಹೋಗ್ಬೇಕು."

"ತಮಾಷೆ ಮಾಡ್ತೀಯೇನಪ್ಪ?"

"ತಮಾಷೆ ಮಾಡೋಕೆ ನನಗೆಲ್ಲಿ ಅಧಿಕಾರ ಇದೆ?"

ಅವಳು ನಿಜಕ್ಕೂ ವರ್ಕ್‌ಶಾಪಿಗೆ ಹೋದಳು. ಅಲ್ಲಿನ ಫಿಟ್ಟರ್ ವಯಸ್ಸಾದವನು. ಬೆರಳು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. "ನನ್ನ ಹತ್ರ ಎಣ್ಣೆ ಇದೆ, ಇಕ್ಕಳ ಇದೆ ತಾಯಿ. ಎರಡೂ ನಿನಗೆ ಆಗಲ್ಲ," ಅಂದ. ತನ್ನ ಶುಭ್ರವಾದ ಕರವಸ್ತ್ರ ಹರಿದು ಬೆರಳಿಗೆ ಸುತ್ತಿ ಕಳಿಸಿದ.

ಸ್ಟೋರ್ಸಿನ ಗುಮಾಸ್ತ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ. ಮುಕ್ಕಾಲು ಸೂಜಿ ಅವನ ಮೇಜಿನ ಮೇಲೆ ಒಂದು ಗಾಜಿನ ಬಟ್ಟಲಲ್ಲಿತ್ತು.

"ಬಂದ್ಯಾ ತಾಯಿ. ನಿನ್ನಿಂದ ನನ್ನ ನಿದ್ದೆ ಹೋಯ್ತು."

"ನನ್ನ ಬೆರಳು ಹೋಗ್ತಿದೆ ಸಾರ್."

"ಆ ತುದಿ ಸಿಗದೆ ಹೊದಿಕೆ ಆಚೆ ಹೋಗಲ್ಲ. ಹೊದಿಕೆ ಹೋಗದೆ ಉಪಗ್ರಹ ಹೋಗಲ್ಲ. ಮೇಲಿನೋರು ದಿನಕ್ಕೆ ಆರು ಸಲ ಫೋನ್ ಮಾಡ್ತಾರೆ."

"ತುದಿ ಇಲ್ಲಿದೆ. ತೆಗೆಸಿ, ತಗೊಳ್ಳಿ."

"ಇಲ್ಲಿದೆ ಅಂತ ಬರೆಯೋಕೆ ಆಗಲ್ಲಮ್ಮ. ಬೆರಳಲ್ಲಿದೆ ಅಂದ್ರೆ ಯಾರ ಬೆರಳು ಅಂತಾರೆ. ಹೆಂಗಸಿನ ಬೆರಳು ಅಂದ್ರೆ ಯಾವ ಹೆಂಗಸು ಅಂತಾರೆ. ಕೈ ಸೋಕದ ಯಂತ್ರದೊಳಗೆ ಹೆಂಗಸು ಹೇಗೆ ಬಂದ್ಳು ಅಂತಾರೆ."

"ನಡ್ಕೊಂಡು ಬಂದ್ಳು ಅನ್ನಿ."

ಗುಮಾಸ್ತ ನಗಲಿಲ್ಲ. ಅವಳೂ ನಗಲಿಲ್ಲ.

"ಹಾಗಾದ್ರೆ ನನ್ನನ್ನ ಕೆಲಸದವಳು ಅಂತ ಬರ್ಕೊಳ್ಳಿ ಸಾರ್. ಒಂದು ಕಾರ್ಡು ಕೊಡಿ. ಡಾಕ್ಟ್ರು ನೋಡ್ತಾರೆ."

"ಕೆಲಸದವರಿಗೆ ನೀತಿಯಲ್ಲಿ ಜಾಗ ಇಲ್ಲ. ನೀನು ಯಂತ್ರದಲ್ಲಿದ್ರೆ ಊಟ, ಆಚೆ ಬಂದ್ರೆ ಉಪವಾಸ. ಗುರುವಾರ ಹೊರದೇಶದವರು ಬರ್ತಿದಾರೆ, ಯಂತ್ರ ಕೊಳ್ಳೋಕೆ. ಮಂತ್ರಿಗಳೂ ಬರ್ತಾರೆ. ಅಲ್ಲೀವರೆಗೆ ಹೇಗಾದ್ರೂ ಸುಧಾರಿಸ್ಕೋ."

"ಯಂತ್ರ ಕೊಂಡ್ರೆ ನಾನೂ ಹಡಗು ಹತ್ಬೇಕಾ?"

ಅವನು ಒಂದು ಫೈಲು ಎಳೆದ. ನಿಜವಾಗಿಯೂ ಅದರ ಬಗ್ಗೆ ಪತ್ರವ್ಯವಹಾರ ನಡೆದಿತ್ತು. ರಫ್ತು ಹೆಚ್ಚಿಸುವ ಇಲಾಖೆ ಯಂತ್ರವನ್ನು ಪೂರ್ತಿ ಕಳಿಸಿ ಅಂತ ಬರೆದಿತ್ತು. ರಫ್ತು ತಡೆಯುವ ಇಲಾಖೆ ಹದಿನಾರು ಬಿಡಿಭಾಗ ಹೋಗಬಹುದು, ಹದಿನೇಳನೆಯದು ಸೂಕ್ಷ್ಮ ತಂತ್ರಜ್ಞಾನ, ದೇಶ ಬಿಡತಕ್ಕದ್ದಲ್ಲ ಅಂತ ಬರೆದಿತ್ತು. ಎರಡೂ ಇಲಾಖೆ ಒಂದೇ ಕಟ್ಟಡದಲ್ಲಿದ್ದವು. ಒಂದೇ ಕಡೆ ಟೀ ಕುಡಿಯುತ್ತಿದ್ದವು.

ಆ ತಡೆಯುವ ಇಲಾಖೆಯ ಬಿಸಿ ಅವಳಿಗೆ ಆಗಲೇ ತಟ್ಟಿತ್ತು. ಹೋದ ತಿಂಗಳು ಒಬ್ಬ ಇನ್ಸ್‌ಪೆಕ್ಟರ್ ಮನೆಗೇ ಬಂದಿದ್ದ. ಚಪ್ಪಲಿ ಬಿಟ್ಟು ಮರ್ಯಾದೆಯಿಂದಲೇ ಒಳಗೆ ಬಂದ. ಹಗ್ಗದ ಮೇಲೆ ಒಣಗುತ್ತಿದ್ದ ಮಗಳ ಸ್ಕೂಲಿನ ಲಂಗದ ಅಂಚನ್ನು ಅಳತೆಪಟ್ಟಿಯಿಂದ ಅಳೆದ. ಬೆರಳಗಲಕ್ಕೆ ಆರು. ಲಂಗವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಮಾಡಿದ. ಮನೆಯಲ್ಲಿ ಹೊಲಿಯುವಂತಿಲ್ಲ, ಮಗಳಿಗೆ ಕಲಿಸಿದರೆ ಅದು ತಂತ್ರಜ್ಞಾನದ ಸೋರಿಕೆ ಅಂತ ಹೇಳಿ, ನೀರು ಕೇಳಿ ಕುಡಿದು ಹೋದ. ಅಂದಿನಿಂದ ಹತ್ತು ವರ್ಷದ ಆ ಹುಡುಗಿ ಇನ್ನೊಂದು ಹಳೆಯ ಲಂಗಕ್ಕೆ ಪಿನ್ನು ಚುಚ್ಚಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು.

ಬುಧವಾರ ಸಂಜೆ ಅವಳು ಮನೆಗೆ ಬಂದಾಗ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟಿನವರೆಗೆ ಒಂದು ಕೆಂಪು ಗೆರೆ ಎದ್ದಿತ್ತು. ಅತ್ತೆ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟಳು. ಮಂಡಿನೋವಿನ ಮುದುಕಿ, ನಾಲಗೆಗೆ ಮಾತ್ರ ಯಾವ ನೋವೂ ಇಲ್ಲ.

"ಬೆರಳು ಹೋದ್ರೆ ಕೈ. ಕೈ ಹೋದ್ರೆ ಮೂರು ಹೊಟ್ಟೆ. ಅವರನ್ನ ಕೇಳಿದ್ಯಾ ಇಲ್ವಾ?"

"ಕೇಳಿದೆ ಅತ್ತೆ."

"ನೀನು ಕೇಳೋದು ನನಗೆ ಗೊತ್ತಿಲ್ವಾ? ಅವರ ನಿದ್ದೆ ಕೆಡಬಾರದು ಅನ್ನೋ ಹಾಗೆ ಕೇಳ್ತೀಯ. ಕೂಸು ಅತ್ರೇನೇ ಹಾಲು. ಆ ಪೆಟ್ಟಿಗೆಯೊಳಗೆ ಕೂತೂ ಕೂತೂ ನಿನಗೆ ಕೆಮ್ಮೋದೂ ಮರ್ತುಹೋಗಿದೆ."

ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ. ಮಗಳು ಹಿಂದೆ ಕೂತು ಅಮ್ಮನ ತಲೆ ಬಾಚತೊಡಗಿದಳು. ಸಿಕ್ಕು ಬಿಡಿಸುವಾಗ ಬುಡವನ್ನು ಒತ್ತಿ ಹಿಡಿಯುತ್ತಿದ್ದಳು, ನೋಯಬಾರದು ಅಂತ. ಅದು ಅಮ್ಮನಿಂದಲೇ ಕಲಿತದ್ದು. ಅದಕ್ಕೆ ಯಾವ ಇಲಾಖೆಯ ತಡೆಯೂ ಇರಲಿಲ್ಲ.

"ಅಮ್ಮ, ಇವತ್ತು ಸ್ಕೂಲಲ್ಲಿ ಯಂತ್ರದ ಚಿತ್ರ ತೋರಿಸಿದ್ರು. ಪೇಪರಲ್ಲಿ ಬಂದಿದೆಯಲ್ಲ, ಅದು."

"ಹ್ಞೂಂ."

"ಇದು ತಾನೇ ಹೊಲಿಯುತ್ತೆ ಅಂದ್ರು ಟೀಚರ್. ನಾನು, ಇಲ್ಲ ಮಿಸ್, ನಮ್ಮಮ್ಮ ಒಳಗಿರ್ತಾಳೆ ಅಂದೆ."

ಅವಳು ಉಪ್ಪುನೀರಿನಲ್ಲಿ ಬೆರಳು ಅಲ್ಲಾಡಿಸುವುದನ್ನು ನಿಲ್ಲಿಸಿದಳು.

"ಎಲ್ಲರೂ ನಕ್ರು. ಸುಳ್ಳು ಹೇಳ್ತೀಯಾ ಅಂತ ಟೀಚರ್ ಬೆಂಚಿನ ಮೇಲೆ ನಿಲ್ಲಿಸಿದ್ರು."

"ಎಷ್ಟು ಹೊತ್ತು?"

"ಸುಳ್ಳು ಅಂತ ಒಪ್ಕೊಳ್ಳೋವರೆಗೆ."

"ಒಪ್ಕೊಂಡ್ಯಾ?"

ಮಗಳು ಬಾಚಣಿಗೆಯ ಹಲ್ಲಿನಿಂದ ಕೂದಲು ತೆಗೆದಳು. ತೆಗೆದು ಉಂಡೆ ಮಾಡಿದಳು. "ಒಪ್ಕೊಂಡೆ ಅಮ್ಮ. ಕಾಲು ನೋಯ್ತಿತ್ತು."

ಅವಳು ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಎಡಗೈಯಿಂದ ಒತ್ತಿದಳು. ಹಿಮ್ಮಡಿ, ಮೀನಖಂಡ, ಮಂಡಿ. ತುಂಬ ಹೊತ್ತು ಒತ್ತಿದಳು.

ಗುರುವಾರ ಕಾರ್ಖಾನೆಯನ್ನು ಮದುವೆಮನೆಯಂತೆ ತೊಳೆದಿದ್ದರು. ಯಂತ್ರಕ್ಕೆ ಕೆಂಪು ರಿಬ್ಬನ್ ಕಟ್ಟಿತ್ತು. ನಿರ್ದೇಶಕರು ಹೊಸ ಕೋಟು ಹಾಕಿಕೊಂಡು ತಾವೇ ಬೆನ್ನಿನ ಬಾಗಿಲು ತೆರೆದು ನಿಂತಿದ್ದರು. ಅವರೂ ಗಿಡ್ಡಗೆ, ಅದು ಗೊತ್ತಾಗದಿರಲಿ ಅಂತ ಎತ್ತರದ ಹಿಮ್ಮಡಿಯ ಬೂಟು ಹಾಕುತ್ತಿದ್ದರು.

"ಬಾಮ್ಮ ಬಾ. ಬೇಗ ಕೂತ್ಕೋ. ಇನ್ನೇನು ಬಂದ್ಬಿಡ್ತಾರೆ."

ಅವಳು ನಿಂತಲ್ಲೇ ನಿಂತಳು. "ಮೊದಲು ಬೆರಳು ಸಾರ್."

"ನಾಳೆ ನೋಡೋಣ."

"ಸೋಮವಾರದಿಂದ ನಾಳೆನೇ."

"ಇದು ದೇಶದ ಮಾನದ ಪ್ರಶ್ನೆ."

"ದೇಶದ ಮಾನ ನನ್ನ ಬೆರಳಲ್ಲಿದ್ರೆ ಬೆರಳನ್ನ ನೋಡ್ಕೊಳ್ಳಿ."

ನಿರ್ದೇಶಕರು ಗುಮಾಸ್ತನ ಮುಖ ನೋಡಿದರು. ಇಂಥ ಮಾತು ಆ ಬಾಯಿಂದ ಬರಬಹುದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಧ್ವನಿ ಇಳಿಸಿದರು. "ಸಂಬಳ ಜಾಸ್ತಿ ಮಾಡಿಸ್ತೀನಿ. ಸ್ಟೂಲಿಗೆ ದಿಂಬು ಹಾಕಿಸ್ತೀನಿ. ನಿಜವಾದ ಗಾಳಿ ಬರೋ ಫ್ಯಾನು ಹಾಕಿಸ್ತೀನಿ."

"ಬೇಡ."

"ಏನು ಬೇಡ? ದಿಂಬಾ?"

"ಒಳಗೆ ಬೇಡ. ನಾನು ಇನ್ನು ಒಳಗೆ ಕೂರಲ್ಲ."

"ಏಯ್, ನಿನ್ನಂಥ ಕುಳ್ಳಿಯರು ಬೀದಿಗೆ ಹತ್ತು ಜನ ಸಿಗ್ತಾರೆ."

"ಕರ್ಕೊಂಡು ಬನ್ನಿ. ಬೆರಳಗಲಕ್ಕೆ ಆರು ಹಾಕೋದು ಕಲಿಯೋಕೆ ಎರಡು ವರ್ಷ ಬೇಕು. ನಿಮ್ಮ ಮಂತ್ರಿಗಳು ಎರಡು ನಿಮಿಷದಲ್ಲಿ ಬರ್ತಾರೆ."

ನಿರ್ದೇಶಕರು ಅವಳ ಕೈ ಹಿಡಿದು ಎಳೆದರು. ಹಿಡಿದದ್ದು ಬಲಗೈ. ಅವಳು 'ಅಮ್ಮಾ' ಅಂತ ಕೂಗಿದ್ದಕ್ಕೆ ಕೋಣೆಯ ಗಾಜುಗಳು ಅದುರಿದವು. ಮೂರು ವರ್ಷದಲ್ಲಿ ಆ ಕೋಣೆ ಕೇಳಿದ ಅವಳ ಮೊದಲ ಕೂಗು. ನಿರ್ದೇಶಕರು ಬೆಂಕಿ ಮುಟ್ಟಿದವರಂತೆ ಕೈ ಬಿಟ್ಟರು. ಅವಳು ಯಂತ್ರದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಕಾಲು ಚಾಚಿ ಕೂತಳು. ಹೊರಗೆ ಕಾರುಗಳ ಬಾಗಿಲು ಒಂದೊಂದಾಗಿ ಬಡಿದುಕೊಂಡವು.

ಗುಮಾಸ್ತ ಯಂತ್ರದ ಬಾಗಿಲನ್ನು ನೋಡಿದ. ತನ್ನ ಹೊಟ್ಟೆಯನ್ನು ನೋಡಿಕೊಂಡ. ಆಮೇಲೆ ನಿರ್ದೇಶಕರನ್ನು ನೋಡಿದ.

"ಒಳಗೆ ಹಿಡಿಸೋರು ತಾವೊಬ್ರೇ ಸಾರ್."

ನಿರ್ದೇಶಕರು ಬೂಟು ಬಿಚ್ಚಿದರು. ಹೊಸ ಕೋಟಿನ ಸಮೇತ ಮೊಣಕಾಲೂರಿ ಒಳಗೆ ನುಸುಳಿದರು. ಗುಮಾಸ್ತ ಹೊರಗಿನಿಂದ ಚಿಲಕ ಹಾಕಿದ. ಅಭ್ಯಾಸಬಲ.

ಅವಳು ಎದ್ದು ಪೊರಕೆ, ಬಕೆಟ್ ಇಡುವ ಮೂಲೆಗೆ ಹೋಗಿ ನಿಂತಳು. ಬಿಳಿ ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ. ಬಂದವರೆಲ್ಲ ಅವಳನ್ನು ದಾಟಿಯೇ ಹೋದರು. ಬಕೆಟನ್ನು ಮಾತ್ರ ನೋಡಿ ಬಳಸಿ ಹೋದರು.

ಮಂತ್ರಿಗಳು ಕೇಳಿದರು, "ನಿರ್ದೇಶಕರೆಲ್ಲಿ?"

"ಒಳಗಿದಾರೆ ಸಾರ್," ಅಂದ ಗುಮಾಸ್ತ. "ತುರ್ತು ಕೆಲಸ."

"ಕೆಲಸದಲ್ಲಿ ಮುಳುಗಿದ್ರೆ ಅವರಿಗೆ ಲೋಕವೇ ಬೇಡ," ಅಂತ ಮಂತ್ರಿಗಳು ಮೆಚ್ಚಿಕೊಂಡು ಗುಂಡಿ ಒತ್ತಿದರು.

ಫ್ಯಾನು ಗುಂಯ್ಯೆಂದಿತು. ದೀಪಗಳು ಹತ್ತಿದವು. ಐದು ನಿಮಿಷವಾಯಿತು. ಕಂಡಿಯಿಂದ ಏನೂ ಬರಲಿಲ್ಲ. ಒಳಗೆ ದಾರ ಪೋಣಿಸುವುದು ನಡೆದಿತ್ತು ಅಂತ ಅವಳೊಬ್ಬಳಿಗೆ ಗೊತ್ತಿತ್ತು. ಹತ್ತು ನಿಮಿಷವಾಯಿತು. ಒಳಗಿನಿಂದ ಗೊಣಗಾಟ ಕೇಳಿಸಿತು.

"ಯಂತ್ರ ಮಾತಾಡುತ್ತಾ?" ಮಂತ್ರಿಗಳು ಕೇಳಿದರು.

"ಹೊಸದಾಗಿ ಸೇರಿಸಿದ್ದು ಸಾರ್."

ಆಗ ಯಂತ್ರ "ಅಯ್ಯಯ್ಯೋ ಸತ್ತೆನಪ್ಪೋ" ಅಂದಿತು.

ಮಂತ್ರಿಗಳ ಕಣ್ಣು ತುಂಬಿ ಬಂತು. "ನಮ್ಮ ಭಾಷೆಯಲ್ಲೇ," ಅಂದರು ಪಕ್ಕದವರಿಗೆ. ಚಪ್ಪಾಳೆ ಹೊಡೆದರು. ಎಲ್ಲರೂ ಹೊಡೆದರು.

ಕೊನೆಗೂ ಕಂಡಿಯಿಂದ ಅಂಗೈಯಗಲದ ಒಂದು ತುಂಡು ಹೊರಬಂತು. ನಾಲ್ಕು ಹೊಲಿಗೆ. ನಾಲ್ಕೂ ಕುಡುಕನ ನಡಿಗೆ. ಕೊನೆಯದರ ಮೇಲೆ ಒಂದು ಹನಿ ರಕ್ತ. ಕೊಳ್ಳಲು ಬಂದವರ ಮುಖ್ಯಸ್ಥೆ ಒಬ್ಬ ಮುದುಕಿ, ಬೆಳ್ಳಗಿನ ತಲೆ, ಬೂದು ಬಣ್ಣದ ಸೂಟು. ಮಾದರಿಗೆಂದು ಮೊದಲೇ ಕಳಿಸಿದ್ದ ಹಳೆಯ ಹೊದಿಕೆಯ ಒಂದು ತುಂಡನ್ನು ಚೀಲದಿಂದ ತೆಗೆದು ಹೊಸದರ ಪಕ್ಕ ಹಿಡಿದಳು. ತನ್ನ ಭಾಷೆಯಲ್ಲಿ ಏನೋ ಅಂದಳು. ದುಭಾಷಿ ಕೆಮ್ಮಿದ.

"ಹೇಳ್ರಿ, ಏನಂತೆ?" ಅಂದರು ಮಂತ್ರಿಗಳು.

"ಹಳೇದು ಕೈಹೊಲಿಗೆ ಅಂತಿದಾರೆ. ಹೊಸದೂ ಕೈದೇ, ಆದ್ರೆ ಯಾವತ್ತೂ ಕೆಲಸ ಮಾಡದ ಕೈ ಅಂತಿದಾರೆ."

ಯಂತ್ರ ಗೊಣಗುವುದನ್ನು ನಿಲ್ಲಿಸಿತು. ಮುದುಕಿ ಮತ್ತೆ ಮಾತಾಡಿದಳು. ಈ ಸಲ ದುಭಾಷಿಯ ಮುಖ ಅರಳಿತು.

"ತೊಂದರೆ ಇಲ್ಲವಂತೆ. ಪೆಟ್ಟಿಗೆ ಚೆನ್ನಾಗಿದೆಯಂತೆ. ಅವರ ದೇಶದ ನೀತಿಯಲ್ಲೂ ಕೈ ಸೋಕಬಾರದು ಅಂತಲೇ ಇದೆಯಂತೆ. ಖಾಲಿ ಪೆಟ್ಟಿಗೆ ನಲವತ್ತು ಕೊಟ್ರೆ ಸಾಕು. ಕೈಗಳು ಅವರಲ್ಲೇ ಇವೆ, ಇನ್ನೂ ಅಗ್ಗ ಅಂತೆ."

ಚಪ್ಪಾಳೆ ಮುಗಿಲು ಮುಟ್ಟಿತು.

ನಲವತ್ತು. ಕಂಡರಿಯದ ಯಾವುದೋ ಊರಿನಲ್ಲಿ ಯಾರೋ ನಲವತ್ತು ಕುಳ್ಳಿಯರನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಒಂದು ತಿಂಗಳ ಮಟ್ಟಿಗೆ ಅನ್ನುತ್ತಾರೆ. ಅವರೂ ನೀರು ಕುಡಿಯುವುದನ್ನು ಬಿಡುತ್ತಾರೆ.

ಅವಳು ಬಕೆಟ್ ದಾಟಿ ಬಂದಳು. ಬಾಯಿಯ ಬಟ್ಟೆ ಕೆಳಗೆಳೆದಳು. ಮುದುಕಿಯ ಮೂಗಿನ ಮುಂದೆ ಬೆರಳು ಹಿಡಿದಳು.

"ಇದನ್ನೂ ನಿಮ್ಮೂರಲ್ಲಿ ತೋರಿಸಿ. ಪೆಟ್ಟಿಗೆಯೊಳಗಿನದು ಹೀಗಾಗುತ್ತೆ ಅಂತ ಹೇಳಿ."

"ಇದು ನನ್ನ ಕೆಲಸಕ್ಕೆ ಸೇರಿದ್ದಲ್ಲ," ಅಂದ ದುಭಾಷಿ. ಭಾಷಾಂತರ ಬೇಕಿರಲಿಲ್ಲ. ಮುದುಕಿ ಬೆರಳು ನೋಡಿದಳು. ನಿಧಾನವಾಗಿ ತನ್ನ ಬಲಗೈಯ ಗವಸು ತೆಗೆದಳು. ಅವಳ ತೋರುಬೆರಳಿನ ತುದಿಯಲ್ಲಿ ಜೋಳದ ಕಾಳಿನಷ್ಟು ದಪ್ಪ ಚರ್ಮ ಕಟ್ಟಿತ್ತು. ಹೊಲಿದ ಬೆರಳು. ವರ್ಷಗಟ್ಟಲೆ ಹೊಲಿದ ಬೆರಳು. ಇಬ್ಬರೂ ಒಂದು ಕ್ಷಣ ನೋಡಿಕೊಂಡರು. ಆಮೇಲೆ ಮುದುಕಿ ಗವಸು ಹಾಕಿಕೊಂಡು, ಪೆನ್ನು ಕೇಳಿ ಪಡೆದು, ನಲವತ್ತು ಪೆಟ್ಟಿಗೆಗೆ ರುಜು ಹಾಕಿದಳು.

ಅವಳು ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ದವಾಖಾನೆಗೆ ನಡೆದಳು. ಕಾಂಪೌಂಡರ್ ಕಾರ್ಡು ಅನ್ನುವಷ್ಟರಲ್ಲಿ ಅವನ ರಿಜಿಸ್ಟರಿನ ಮೇಲೆ ಬಲಗೈ ಇಟ್ಟಳು. "ಇದನ್ನ ನೋಡೋವರೆಗೂ ತೆಗೆಯಲ್ಲ," ಅಂದಳು. ಹಿಂದೆ ಆರು ಜನ ಸೇರಿದರು. ಯಾರೂ ಗೊಣಗಲಿಲ್ಲ. ಕೊನೆಯಲ್ಲಿದ್ದ ಫಿಟ್ಟರ್, "ನಮಗೇನೂ ಅವಸರ ಇಲ್ಲಪ್ಪ," ಅಂದ.

ಒಳಗಿದ್ದ ಡಾಕ್ಟರಮ್ಮ ಸದ್ದಿಲ್ಲದ್ದಕ್ಕೇ ಹೊರಗೆ ಬಂದಳು. ಕೈ ನೋಡಿದಳು. ಕೆಂಪು ಗೆರೆ ಮೊಣಕೈ ಮುಟ್ಟಿತ್ತು.

"ಯಾವಾಗಿನಿಂದ?"

"ಸೋಮವಾರದಿಂದ."

"ಇಷ್ಟು ದಿನ ಏನು ಮಾಡ್ತಿದ್ರಿ?"

ಕಾಂಪೌಂಡರ್ ಛಾವಣಿ ನೋಡಿದ. ಡಾಕ್ಟರಮ್ಮ ಅವಳನ್ನು ಕೂರಿಸಿ, ಬೆರಳಿನ ಬುಡಕ್ಕೆ ಚುಚ್ಚುಮದ್ದು ಕೊಟ್ಟು, ಸೀಳಿದಳು. ಕೀವು, ರಕ್ತ. ಚಿಮುಟ ಆಡಿಸಿದಳು. ತಟ್ಟೆಯಲ್ಲಿ ಟಿಣ್ ಅಂತ ಒಂದು ಸದ್ದು.

ಆ ಸದ್ದಿಗಾಗಿಯೇ ಕಾದಂತೆ ಬಾಗಿಲಲ್ಲಿ ಗುಮಾಸ್ತ ಕಾಣಿಸಿಕೊಂಡ. ಹಿಂದೆ ನಿರ್ದೇಶಕರು, ಬರಿಗಾಲಲ್ಲಿ, ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು. ಅವರೂ ಚುಚ್ಚಿಸಿಕೊಂಡಿದ್ದರು. ಅವರ ಹತ್ತಿರ ಕಾರ್ಡು ಇತ್ತು.

"ಸಿಕ್ತಾ?" ಗುಮಾಸ್ತ ಒಂದೇ ನೆಗೆತಕ್ಕೆ ತಟ್ಟೆಯ ಹತ್ತಿರ ಬಂದ. "ದೇವರು ದೊಡ್ಡೋನು. ಕೊಡಿ, ಕೊಡಿ. ಹೊದಿಕೆ ಇವತ್ತೇ ಹೋಗ್ಬೇಕು."

ಅವಳ ಎಡಗೈ ಮೊದಲು ತಲುಪಿತು. ಮುಷ್ಟಿ ಮುಚ್ಚಿಕೊಂಡಿತು.

"ಏನಮ್ಮ ಇದು? ಅದು ಸರ್ಕಾರದ ಆಸ್ತಿ."

"ಹೌದು. ಎಲ್ಲಿ ಸಿಕ್ತು ಅಂತ ಬರೀರಿ. ಕೊಡ್ತೀನಿ."

ನಿರ್ದೇಶಕರು ಬಾಯಿಂದ ಹೆಬ್ಬೆರಳು ತೆಗೆದರು. "ಕೊಡು ಅಂದ್ರೆ ಕೊಡ್ಬೇಕು. ಇಲ್ಲಾಂದ್ರೆ..."

"ಇಲ್ಲಾಂದ್ರೆ ನುಂಗ್ತೀನಿ," ಅಂದಳು ಅವಳು. "ಆಮೇಲೆ ಹೊಟ್ಟೆಯದೂ ಮೂರು ಎಕ್ಸ್‌ರೇ ತೆಗೆಸಿ."

ಡಾಕ್ಟರಮ್ಮ ಬ್ಯಾಂಡೇಜು ಸುತ್ತುತ್ತಲೇ ಇದ್ದಳು. ಗುಮಾಸ್ತ ಕುರ್ಚಿ ಎಳೆದುಕೊಂಡು ಫಾರಂ ಬಿಚ್ಚಿದ. ಮಧ್ಯೆ ಕಾರ್ಬನ್ ಇಟ್ಟ ಮೂರು ಪ್ರತಿ. ಬರೆದು ತೋರಿಸಿದ. ಬಿಡಿಭಾಗ ಹದಿನೇಳರ ಒಳಗೆ ಸಿಕ್ಕಿತು.

ಅವಳು ಮುಷ್ಟಿಯನ್ನು ಬಾಯಿಯ ಹತ್ತಿರ ಒಯ್ದಳು.

ಅವನು ಹೊಡೆದುಹಾಕಿದ. ಇನ್ನೊಂದು ಫಾರಂ ತೆಗೆದ. ಯಂತ್ರದ ಬಳಿ ಸಿಕ್ಕಿತು. ಅವಳು ಬಾಯಿ ತೆರೆದಳು.

"ಬರೀರಿ ಸಾರ್, ನುಂಗ್ತಾಳೆ," ಅಂದ ಫಿಟ್ಟರ್ ಬಾಗಿಲಿಂದ. "ಅವಳನ್ನ ನೋಡಿದ್ರೆ ಗೊತ್ತಾಗಲ್ವಾ?"

ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ಮೇಲಿನವರು. ಅದು ನಿಂತಿತು, ಮತ್ತೆ ಶುರುವಾಯಿತು. ನಿರ್ದೇಶಕರು ಗೋಡೆಯ ಕಡೆ ತಿರುಗಿ ನಿಂತರು. "ಏನು ಬೇಕೋ ಬರ್ಕೊಂಡು ಸಾಯಿರಿ," ಅಂದರು.

ಗುಮಾಸ್ತ ಮೂರನೆಯ ಫಾರಂ ತೆಗೆದ. ಅವಳು ಹೇಳಿದಳು. ಅವನು ದುಂಡಗಿನ ಅಕ್ಷರದಲ್ಲಿ ಬರೆದ: ಯಂತ್ರದೊಳಗೆ ಕೂತು ಹೊದಿಕೆ ಹೊಲಿಯುವ ಹೆಂಗಸಿನ ಬಲಗೈ ತೋರುಬೆರಳಿನಲ್ಲಿ ಸಿಕ್ಕಿತು. ನಿರ್ದೇಶಕರು ಓದದೆ ರುಜು ಹಾಕಿದರು. ಡಾಕ್ಟರಮ್ಮ ಓದಿ ರುಜು ಹಾಕಿದಳು.

ಅವಳು ಮೂರು ಪ್ರತಿಯನ್ನೂ ಒಂದೊಂದಾಗಿ ಓದಿದಳು. ಕೆಳಗಿನ ಪ್ರತಿ ಸ್ವಲ್ಪ ಮಸುಕಾಗಿತ್ತು. ಓದಲು ಬರುತ್ತಿತ್ತು. ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಆಮೇಲೆ ಮುಷ್ಟಿ ಬಿಚ್ಚಿದಳು. ಸೂಜಿಯ ತುದಿ ಅಂಗೈಗೆ ಅಂಟಿಕೊಂಡಿತ್ತು. ಗುಮಾಸ್ತನ ಮುಂದೆ ಕೈ ಚಾಚಿದಳು.

"ತಗೊಳ್ಳಿ," ಅಂದಳು. "ಇದೊಂದು ನಿಮ್ಮದು."